ಹ್ಯಾಕಥಾನಿನಲ್ಲಿ ಉದ್ರಿ ಪುಸ್ತಕ

ಹ್ಯಾಕಥಾನ್ ಎಂಬ ಮಾತು ಈಗೀಗ ನಮ್ಮ ದಾವಣಗೆರೆಯ ಗೋಡೆಗಳ ಮೇಲೂ ಕಾಣಿಸತೊಡಗಿದೆ. ಪಿ.ಬಿ. ರಸ್ತೆಯ ಕಾಂಪೌಂಡಿಗೆ ಅಂಟಿಸಿದ್ದ ಭಿತ್ತಿಪತ್ರ ಓದಿ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು, "ಇದೇನ್ರೀ, ಬ್ಯಾಂಕಿನಾಗಿನ ದುಡ್ಡು ಹೊಡೆಯೋದನ್ನ ಕಾಲೇಜಿನಾಗೇ ಕಲಿಸ್ತಾರಾ?" ಎಂದು ಕೇಳಿದ್ದುಂಟು. ಅವರ ಸಂಶಯದಲ್ಲಿ ತಪ್ಪೇನಿಲ್ಲ. ಹ್ಯಾಕ್ ಅಂದರೆ ಕಳವು ಎಂದೇ ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದು, ನಾವೇ ಬರೆದದ್ದು.

ಆದರೆ ಇದು ಆ ಹ್ಯಾಕ್ ಅಲ್ಲ ಸ್ವಾಮಿ. ಕಂಪ್ಯೂಟರಿನವರ ಭಾಷೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿ ಚಕಚಕನೆ ಒಂದು ಉಪಾಯ ಮಾಡುವುದಕ್ಕೂ ಹ್ಯಾಕ್ ಎನ್ನುತ್ತಾರೆ. ಅದಕ್ಕೆ ಮ್ಯಾರಥಾನ್ ಓಟದ ಬಾಲ ಸೇರಿಸಿದರೆ ಹ್ಯಾಕಥಾನ್. ಅಂದರೆ ಹಗಲು ರಾತ್ರಿ ಕೂತು ಒಂದು ಸಮಸ್ಯೆಗೆ ಪರಿಹಾರ ಕಟ್ಟುವ ಪಂದ್ಯ. 1999ರ ಜೂನ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿ ಪಟ್ಟಣದಲ್ಲಿ ಹತ್ತು ಮಂದಿ ಪ್ರೋಗ್ರಾಂ ಬರೆಯುವವರು ಒಟ್ಟಿಗೆ ಕೂತು ಓಪನ್‌ಬಿಎಸ್‌ಡಿ ಎಂಬ ತಂತ್ರಾಂಶದ ಕೆಲಸ ಮಾಡಿದಾಗ ಈ ಹೆಸರು ಬಳಕೆಗೆ ಬಂತು. ಗುಪ್ತಲಿಪಿಯ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸಲು ಅಮೆರಿಕದ ಕಾನೂನು ಅಡ್ಡ ಬರುತ್ತಿತ್ತು. ಅದಕ್ಕೇ ಗಡಿಯಾಚೆ ಸೇರಿದರು. ಅದೇ ತಿಂಗಳು ಸನ್ ಕಂಪನಿಯವರೂ ತಮ್ಮ ಸಮ್ಮೇಳನದಲ್ಲಿ ಇದೇ ಹೆಸರಿನ ಪಂದ್ಯ ಇಟ್ಟರು. ನೀವು ದಿನಕ್ಕೆ ಹತ್ತು ಸಲ ಒತ್ತುವ ಫೇಸ್‌ಬುಕ್ಕಿನ 'ಲೈಕ್' ಗುಂಡಿಯ ಮೂಲವೂ ಇಂಥದೊಂದು ರಾತ್ರಿಯ ಕೂಟವೇ. ಅದು ಬಳಕೆಗೆ ಬಂದದ್ದು 2009ರಲ್ಲಿ.

ನಮ್ಮ ದೇಶದಲ್ಲಿ ಈ ಹುಚ್ಚು ಕಾಲೇಜು ಕಾಲೇಜಿಗೆ ಹಬ್ಬಿದ್ದು 2017ರಿಂದ. ಆ ವರ್ಷ ಕೇಂದ್ರ ಸರಕಾರ ಮತ್ತು ಎಐಸಿಟಿಇ ಸೇರಿ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಆರಂಭಿಸಿದವು. ತಂಡಕ್ಕೆ ಆರು ಮಂದಿ, ಅವರಲ್ಲಿ ಒಬ್ಬಳಾದರೂ ಹುಡುಗಿ ಇರಲೇಬೇಕು. ತಂತ್ರಾಂಶದ ವಿಭಾಗದಲ್ಲಿ 36 ಗಂಟೆ ಸತತ ಕೆಲಸ. ಅದಕ್ಕೆ ತಂಡ ಆರಿಸಲು, ಮಕ್ಕಳ ಕೈ ಪಳಗಿಸಲು ಕಾಲೇಜುಗಳು ತಮ್ಮ ತಮ್ಮಲ್ಲೇ ಇಂಥ ಪಂದ್ಯ ಇಡುತ್ತವೆ. ಊರಾಚೆಯ ಒಂದು ಇಂಜಿನಿಯರಿಂಗ್ ಕಾಲೇಜಿನವರು ಮೊನ್ನೆ ಶನಿವಾರ ಬೆಳಿಗ್ಗೆ ಹತ್ತರಿಂದ ಭಾನುವಾರ ಬೆಳಿಗ್ಗೆ ಹತ್ತರವರೆಗೆ ಇಟ್ಟುಕೊಂಡದ್ದು ಅಂಥದ್ದೇ. ಸಂಪಾದಕರು, "ಹೋಗಿ ನೋಡಿ ಬನ್ನಿ, ಅಂಗಡಿಯವರಿಗೆ, ಬಸ್ಸಿನವರಿಗೆ ಬೇಕಾದ್ದು ಏನಾದ್ರೂ ಇದ್ರೆ ಬರೀರಿ" ಎಂದು ಕಳಿಸಿದರು.

ಹುಡುಗರು ಕಂಡ ಊರು

ಹೋದೆ. ದೊಡ್ಡ ಹಾಲು. ಸಾಲು ಸಾಲು ಮೇಜು, ಮೇಜಿನ ತುಂಬ ಲ್ಯಾಪ್‌ಟಾಪು, ಕಾಲಿನ ಕೆಳಗೆ ಹಾವಿನಂತೆ ವೈರು. ಒಂದು ಮೂಲೆಯಲ್ಲಿ ಚಹಾದ ಡ್ರಮ್ಮು, ಇನ್ನೊಂದು ಮೂಲೆಯಲ್ಲಿ ಮಂಡಕ್ಕಿ ಮಿರ್ಚಿ. ದಾವಣಗೆರೆಯವರು ಚಂದ್ರಲೋಕದಲ್ಲಿ ಹ್ಯಾಕಥಾನ್ ಮಾಡಿದರೂ ಮಂಡಕ್ಕಿ ಮಿರ್ಚಿ ಇರಲೇಬೇಕಲ್ಲ!

ಮೂವತ್ತರ ಮೇಲೆ ತಂಡಗಳಿದ್ದವು. ಒಂದು ತಂಡ ಮಂಡಕ್ಕಿ ಭಟ್ಟಿಯ ಹೊಗೆಯನ್ನು ಅಳೆಯುವ ಯಂತ್ರ ಜೋಡಿಸುತ್ತಿತ್ತು. ಇನ್ನೊಂದು ತಂಡ ಬಸ್ಸಿನ ಹಿಂದೆ ಬಿದ್ದಿತ್ತು. ಹಳ್ಳಿ ಕಡೆಗೆ ಹೋಗುವ ಖಾಸಗಿ ಬಸ್ಸು ಈಗ ಎಲ್ಲಿದೆ ಎಂದು ಅದರಲ್ಲಿ ಕೂತ ಪ್ರಯಾಣಿಕರ ಮೊಬೈಲೇ ಮುಂದಿನ ಸ್ಟಾಪಿನವರಿಗೆ ತಿಳಿಸುವ ಉಪಾಯ. ಜಗಳೂರು ದಾರಿಯ ಹುಡುಗಿಯೊಬ್ಬಳು, "ಸರ್, 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸು ನಮಗೆ ಫ್ರೀ. ಆದ್ರೆ ನಮ್ಮೂರಿಗೆ ಸಂಜೆ ಬರೋದು ಖಾಸಗಿ ಬಸ್ಸು. ಅದು ಹೋಯ್ತಾ ಇದೆಯಾ ಅಂತ ಗೊತ್ತಾದ್ರೆ ಸಾಕು, ಕತ್ತಲಲ್ಲಿ ನಿಲ್ಲೋದು ತಪ್ಪುತ್ತೆ" ಅಂದಳು. ಅವಳ ಮಾತಿನಲ್ಲಿ ಬಡಿವಾರ ಇರಲಿಲ್ಲ. ದಿನಾ ಕತ್ತಲಲ್ಲಿ ನಿಂತವಳ ಮಾತು ಅದು.

ನಾನು ಹೆಚ್ಚು ಹೊತ್ತು ನಿಂತದ್ದು ಹದಿನೇಳನೇ ಮೇಜಿನ ಮುಂದೆ. ಆ ತಂಡದವರು ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಮೊಬೈಲಿಗೆ ಏರಿಸುತ್ತಿದ್ದರು. ಇಂಥ ಆ್ಯಪು ಈಗಾಗಲೇ ಪೇಟೆಯಲ್ಲಿ ಉಂಟು. ಇವರದ್ದು ಅಚ್ಚ ಕನ್ನಡದಲ್ಲಿ, ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತದೆ ಎಂಬುದು ಹೆಚ್ಚುಗಾರಿಕೆ. ಹುಡುಗರು ಜಾಣರು, ತಾವು ಮಾಡಿದ್ದನ್ನು ತಾವೇ ಹೊಗಳಿಕೊಂಡರೆ ಸಾಲದೆಂದು ಪೇಟೆಯಿಂದ ಮೂವರು ಅಂಗಡಿಯವರನ್ನೇ ಕರೆತಂದಿದ್ದರು.

ಒಬ್ಬ ಹುಡುಗ ಮೊಬೈಲ್ ಹಿಡಿದು ಹೇಳಿದ: "ತೊಗರಿಬೇಳೆ ಮುನ್ನೂರೈವತ್ತು ಗ್ರಾಂ, ಕೇಜಿಗೆ ನೂರೈವತ್ತು. ಸಕ್ಕರೆ ಮುಕ್ಕಾಲು ಕೇಜಿ, ನಲವತ್ತಾರು. ರವೆ ಕಾಲು ಕೇಜಿ, ಐವತ್ತು." ಮೊಬೈಲು ಇಂಪಾದ ಹೆಣ್ಣುದನಿಯಲ್ಲಿ "ಒಟ್ಟು ನೂರಾ ಒಂದು ರೂಪಾಯಿ" ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ತೊಂಬತ್ತೊಂಬತ್ತೂವರೆ," ಎಂದಿತು ಹಿಂದಿನಿಂದ ಒಂದು ದನಿ. "ನೂರಾ ಒಂದು ಹೆಂಗಾತು ತಮ್ಮಾ?"

ತಿರುಗಿ ನೋಡಿದೆ. ಬಿಳಿ ಅಂಗಿ, ನರೆತ ಕೂದಲು, ದಾರ ಕಟ್ಟಿದ ಕನ್ನಡಕ. ಎಡಗೈ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಓಡುತ್ತಿತ್ತು. ಐವತ್ತೆರಡೂವರೆ, ಮೂವತ್ನಾಲ್ಕೂವರೆ, ಹನ್ನೆರಡೂವರೆ ಎಂದು ಬಿಡಿಸಿ ಹೇಳಿದ. ಮೊಬೈಲು ಪ್ರತಿ ಬಾಬ್ತಿನ ಅರ್ಧ ರೂಪಾಯಿಯನ್ನೂ ಮೇಲಕ್ಕೆ ಏರಿಸಿ ರೂಪಾಯಿ ಮಾಡಿತ್ತು. "ಒಂದು ಚೀಟಿಗೆ ಒಂದೂವರೆ ರೂಪಾಯಿ. ದಿನಕ್ಕೆ ನೂರು ಚೀಟಿ ಆದ್ರೆ ನೂರೈವತ್ತು. ಗಿರಾಕಿ ನನ್ನ ಕಳ್ಳ ಅಂತಾನೆ, ಮೊಬೈಲನ್ನ ಅನ್ನಲ್ಲ."

ಆ ಗೆಣ್ಣು ಎಣಿಸುವ ಬೆರಳನ್ನು ನಾನು ಬಲ್ಲೆ. ಹೈಸ್ಕೂಲಿನಲ್ಲಿ ಮೂರನೇ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬೆರಳು ಅದು. ಇಪ್ಪತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದ ಅವನನ್ನು ಇಡೀ ಕ್ಲಾಸು 'ಮಗ್ಗಿ' ಎಂದೇ ಕರೆಯುತ್ತಿತ್ತು. ಅವನ ನಿಜ ಹೆಸರು ಇಲ್ಲಿ ಬೇಡ, ವ್ಯಾಪಾರಸ್ಥ.

"ಲೇ ಮಗ್ಗಿ!" ಎಂದೆ.

ಹುಡುಗರು ಕಿಸಕ್ಕನೆ ನಕ್ಕರು. ಅವರಿಗೆ ಮ್ಯಾಗಿ ಎಂದರೆ ಎರಡು ನಿಮಿಷದಲ್ಲಿ ಬೇಯುವ ಶಾವಿಗೆ. ಅವನು ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರಲೇ... ನೀನಾ? ಬೇರೆ ಊರಿಗೆ ಹೋದಾವ ಯಾವಾಗ ಬಂದಿ?" ಎಂದು ಭುಜ ಹಿಡಿದುಕೊಂಡ. ನೌಕರಿಗೆ ಊರು ಬಿಟ್ಟ ನಾನು ಮರಳಿ ಬರುವಷ್ಟರಲ್ಲಿ ಅವನ ಅಂಗಡಿ ಹಳೇ ಜಾಗದಲ್ಲಿರಲಿಲ್ಲ. ಮೂವತ್ತೈದು ವರ್ಷದ ಮೇಲಾಗಿತ್ತು ನೋಡಿ.

ಕೆಂಪು ದೀಪದ ಜಗಳ

ಲೆಕ್ಕದ ತಪ್ಪನ್ನು ಹುಡುಗರು ಹತ್ತು ನಿಮಿಷದಲ್ಲಿ ತಿದ್ದಿಕೊಂಡರು. ನಿಜವಾದ ಜಗಳ ಹತ್ತಿದ್ದು ಆಮೇಲೆ.

ತಂಡದವರ ಹೆಮ್ಮೆಯ ಸಂಗತಿ ಬೇರೆಯೇ ಇತ್ತು. ಬಾಕಿ ಉಳಿಸಿಕೊಂಡ ಗಿರಾಕಿಗೆ ಗಡುವಿನ ದಿನ ತಾನಾಗಿಯೇ ಮೆಸೇಜು ಹೋಗುತ್ತದೆ. ಮೂರು ಸಲ ಹೋದ ಮೇಲೂ ಕೊಡದಿದ್ದರೆ ಅವರ ನಂಬರಿಗೆ ಕೆಂಪು ದೀಪ. ಆ ಗಿರಾಕಿ ಊರಿನ ಬೇರೆ ಯಾವುದೇ ಅಂಗಡಿಗೆ ಹೋಗಿ ಉದ್ರಿ ಕೇಳಿದರೂ ಅಲ್ಲಿನ ಮೊಬೈಲಿನಲ್ಲೂ ಕೆಂಪು ದೀಪ ಹತ್ತುತ್ತದೆ. "ಇನ್ಮೇಲೆ ಯಾರೂ ಅಂಗಡಿಯೋರಿಗೆ ಟೋಪಿ ಹಾಕೋಕಾಗಲ್ಲ" ಎಂದ ಹುಡುಗ.

ಉಳಿದಿಬ್ಬರು ಅಂಗಡಿಯವರ ಮುಖ ಅರಳಿತು. ಮಗ್ಗಿ ಮಾತ್ರ ಸುಮ್ಮನಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ತಮ್ಮಾ, ಆ ಮನ್ಯಾಗೆ ದುಡಿಯಾವ ಆಸ್ಪತ್ರ್ಯಾಗೆ ಮಲಗಿದ್ರೆ ನಿನ್ನ ದೀಪಕ್ಕೆ ಗೊತ್ತಾಗುತ್ತಾ? ಸಾವಿನ ಮನೆಗೂ ಮೆಸೇಜು ಹೋಗುತ್ತಾ?"

ಹುಡುಗ ತಡವರಿಸಿದ. ಉತ್ತರ ಕೊಟ್ಟವಳು ತಂಡದ ಹುಡುಗಿ. ಹರಿಹರದ ಕಡೆಯವಳಂತೆ. "ಅಂಕಲ್, ನಮ್ಮಪ್ಪಂದೂ ಕಿರಾಣಿ ಅಂಗಡಿ ಇತ್ತು. ಮುಚ್ಚಿದ್ದೇ ಉದ್ರಿಯಿಂದ. ಕೇಳೋಕೆ ನಾಚಿಕೆ ಅಂತ ಅಪ್ಪ ಕೇಳ್ತಿರ್ಲಿಲ್ಲ. ತಗೊಂಡೋರು ನಾಚಿಕೆಪಡ್ಲಿಲ್ಲ, ಎದುರಿನ ಅಂಗಡಿಗೆ ಹೋಗಿ ನಗದು ಕೊಟ್ಟು ತಗೊಂಡ್ರು. ನಮ್ಮಪ್ಪ ಈಗ ಇನ್ನೊಬ್ಬರ ಗೋಡೌನಿನಲ್ಲಿ ಲೆಕ್ಕ ಬರೀತಾರೆ. ಕೆಂಪು ದೀಪ ಇದ್ದಿದ್ರೆ ನಮ್ಮ ಅಂಗಡಿ ಉಳೀತಿತ್ತು."

ಹಾಲಿನ ಆ ಮೂಲೆಯೇ ತಣ್ಣಗಾಯಿತು. ಮಗ್ಗಿ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತ. "ನೀ ಹೇಳೋದು ಸುಳ್ಳಲ್ಲಮ್ಮ. ಕೂತು ಮಾತಾಡಾಣ" ಅಂದ. ಅಂಗಡಿಗೆ ಫೋನು ಮಾಡಿ, ಬಾಗಿಲು ಹಾಕ್ಕೊಂಡು ಮನೆಗೆ ಹೋಗು ಎಂದು ಮಗನಿಗೆ ಹೇಳಿದ.

ಅರವತ್ತೆರಡು ಮನೆ

ರಾತ್ರಿ ಹನ್ನೊಂದರ ಹೊತ್ತಿಗೆ ನಾವಿಬ್ಬರೂ ಚಹಾದ ಲೋಟ ಹಿಡಿದು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದೆವು. ಆ ಹುಡುಗಿಯೂ ನೋಟ್‌ಬುಕ್ಕು ಹಿಡಿದು ಬಂದು ಕೂತಳು. ಉದ್ರಿ ಎಂಬುದು ಹೇಗೆ ನಡೆಯುತ್ತದೆ ಎಂದು ಮಗ್ಗಿ ಅವಳಿಗೆ ಪಾಠ ಹೇಳಿದ. ತಿಂಗಳ ಸಂಬಳದವರ ಉದ್ರಿ ಬೇರೆ, ವಾರದ ಬಟವಾಡೆಯವರದು ಬೇರೆ, ಸುಗ್ಗಿಯ ಮೇಲೆ ಕಣ್ಣಿಟ್ಟ ರೈತರದು ಬೇರೆ. ಎಲ್ಲರಿಗೂ ಒಂದೇ ಗಡುವು ಇಟ್ಟರೆ ರೈತ ವರ್ಷಕ್ಕೆ ಹನ್ನೊಂದು ತಿಂಗಳು ಕೆಂಪು ದೀಪದಲ್ಲೇ ಇರುತ್ತಾನೆ.

ಆಮೇಲೆ ಅವನು ಮಿಲ್ಲಿನ ಮಾತು ತೆಗೆದ. ಹಳಬರಿಗೆ ಗೊತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಈ ಊರಿನ ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಸೈರನ್ ಕೂಗಿಗೆ ಗಡಿಯಾರ ತಿದ್ದುತ್ತಿದ್ದ ಓಣಿಗಳು ಮೂಕವಾದವು. ನಾವು ಹೈಸ್ಕೂಲಿನಲ್ಲಿದ್ದಾಗಲೇ ನಮ್ಮಪ್ಪ ದುಡಿಯುತ್ತಿದ್ದ ಮಿಲ್ಲಿಗೂ ಬೀಗ ಬಿತ್ತು. ನಮ್ಮ ಓಣಿಯ ಮನೆಗಳೆಲ್ಲ ಮಗ್ಗಿಯ ಅಪ್ಪನ ಅಂಗಡಿಯ ಗಿರಾಕಿಗಳು.

"ಆವಾಗ ಅಪ್ಪನ ಉದ್ರಿ ಪುಸ್ತಕದಾಗೆ ಮಿಲ್ಲಿನ ಮನೆಗಳು ಅರವತ್ತೆರಡು," ಎಂದ. "ಬೀಗ ಬಿದ್ದ ಮೇಲೂ ನಾಲ್ಕು ತಿಂಗಳು ಕೊಟ್ಟ. ನಲವತ್ತೊಂದು ಮನೆಯೋರು ಪೂರ್ತಿ ತೀರಿಸಿದ್ರು. ಹತ್ತು ಮನೆಯೋರು ಅರ್ಧಂಬರ್ಧ. ಹನ್ನೊಂದು ಮನೆಯೋರು ಊರೇ ಬಿಟ್ರು."

"ನಮ್ಮದು?" ಎಂದು ಕೇಳಿದೆ. ನಮ್ಮ ಮನೆಯ ಉದ್ರಿಯ ವಿಚಾರ ನನಗೆ ಯಾರೂ ಹೇಳಿದ್ದಿಲ್ಲ.

"ನಿಮ್ದು ಸಾವಿರದ ನೂರಾ ಎಂಬತ್ತು. ನಿಮ್ಮವ್ವ ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗ್ತಿದ್ಲಲ್ಲ, ಶನಿವಾರ ಬಟವಾಡೆ ಆದ ಕೂಡ್ಲೇ ಬಂದು ಹತ್ತು ರೂಪಾಯಿ ಇಟ್ಟು ಹೋಗ್ತಿದ್ಲು. ನೂರಾ ಹದಿನೆಂಟು ವಾರ. ಎರಡೂಕಾಲು ವರ್ಷ. ಒಂದು ವಾರಾನೂ ತಪ್ಪಿಸಲಿಲ್ಲ. ಕಡೇ ಹತ್ತು ರೂಪಾಯಿ ನಾನೇ ಬರ್ಕೊಂಡು ಪುಟಕ್ಕೆ ಅಡ್ಡ ಗೀಟು ಹೊಡ್ದೆ."

ಅವ್ವ ಇದನ್ನು ನಮಗೆ ಹೇಳಿರಲಿಲ್ಲ. ಶನಿವಾರ ಸಂಜೆ ಅವಳು ಯಾಕೆ ಸುತ್ತುಬಳಸಿನ ದಾರಿ ಹಿಡಿದು ಮನೆಗೆ ಬರುತ್ತಿದ್ದಳು ಎಂಬುದು ನನಗೆ ಆ ಮೆಟ್ಟಿಲ ಮೇಲೆ ತಿಳಿಯಿತು.

"ಬರ್ಕೊಂಡವನು ನೀನೇ ಅಂದ್ರೆ, ಶಾಲೆ ಬಿಟ್ಟಿದ್ದು ಅದಕ್ಕೇನೋ?" ಎಂದೆ.

"ಅದೂ ಒಂದು. ಮಂಡಿಪೇಟೆಯಿಂದ ಸಾಮಾನು ತರೋಕೆ ಅಪ್ಪನ ಕೈಯಾಗೆ ದುಡ್ಡಿರಲಿಲ್ಲ. ಇದ್ದ ಆಳನ್ನ ಬಿಡಿಸಿ ನನ್ನ ಕೂರಿಸಿದ. ಎಸ್ಸೆಸ್ಸೆಲ್ಸಿಗೆ ಆರು ತಿಂಗಳಿತ್ತು. ಹೋಗ್ಲಿ ಬಿಡು, ಲೆಕ್ಕಾನೇ ತಾನೆ, ಅಲ್ಲಿ ಮಾಡಿದ್ರೇನು ಇಲ್ಲಿ ಮಾಡಿದ್ರೇನು?"

ನಾನು ಕಾಲೇಜು ಓದಿದೆ, ಅವನು ತಕ್ಕಡಿ ಹಿಡಿದ. ನಾಲ್ಕು ತಿಂಗಳ ಉದ್ರಿ ನಮ್ಮ ಮನೆಯ ಒಲೆಯನ್ನು ಉಳಿಸಿತು. ಅಂಥ ಅರವತ್ತೆರಡು ಒಲೆಗಳ ಭಾರ ಒಬ್ಬ ಹುಡುಗನ ಗಣಿತದ ಪುಸ್ತಕದ ಮೇಲೆ ಬಿತ್ತು. ಅವನ ದನಿಯಲ್ಲಿ ದೂರು ಇರಲಿಲ್ಲ. ಗೋಧಿ ಇಷ್ಟು, ಜೋಳ ಇಷ್ಟು ಎನ್ನುವ ದನಿಯಲ್ಲೇ ಹೇಳಿದ. ನೋಟ್‌ಬುಕ್ಕಿನ ಹುಡುಗಿ ಬರೆಯುವುದನ್ನು ನಿಲ್ಲಿಸಿದ್ದಳು.

"ಅಂದ್ರೆ ಅಂಕಲ್, ಕೆಂಪು ದೀಪ ಇದ್ದಿದ್ರೆ ನೀವು ಶಾಲೆ ಬಿಡ್ತಿರ್ಲಿಲ್ಲ" ಎಂದಳು.

"ಹೌದಮ್ಮ. ಆದ್ರೆ ಇವ್ರ ಮನೇಗೆ ಊರಿನಾಗೆ ಒಂದು ಅಂಗಡೀಲೂ ಕಾಲು ಕೇಜಿ ಅಕ್ಕಿ ಸಿಗ್ತಿರ್ಲಿಲ್ಲ. ನಮ್ಮಪ್ಪ ಕೊಡಲ್ಲ ಅಂದಿದ್ರೆ ಪಕ್ಕದೋರನ್ನ ಕೇಳ್ತಿದ್ರು. ನಿನ್ನ ದೀಪ ಇದ್ರೆ ಎಲ್ಲಾ ಬಾಗಿಲೂ ಒಟ್ಟಿಗೆ ಮುಚ್ಚಿಬಿಡುತ್ತೆ. ಅದು ಒಂದೇ ನನ್ನ ತಕರಾರು."

ಇದಕ್ಕೆ ಅವಳಲ್ಲಿ ಉತ್ತರ ಇರಲಿಲ್ಲ. ಅವಳಪ್ಪನ ಅಂಗಡಿ ಹೋದದ್ದಕ್ಕೆ ಅವನಲ್ಲೂ ಉತ್ತರ ಇರಲಿಲ್ಲ. ಇಬ್ಬರೂ ಎದ್ದು ಒಳಗೆ ಹೋದರು.

ಬೆಳಗಾಗುವಷ್ಟರಲ್ಲಿ

ಬೆಳಗಿನ ಜಾವ ನಾಲ್ಕಕ್ಕೆ ಹದಿನೇಳನೇ ಮೇಜಿನ ಆ್ಯಪು ಬೇರೆ ರೂಪ ಪಡೆದಿತ್ತು. ಊರಿಗೆಲ್ಲ ಕಾಣುವ ಕೆಂಪು ದೀಪ ಹೋಯಿತು. ಅದರ ಬದಲು ಪ್ರತಿ ಮನೆಗೆ ಎಷ್ಟು ಮೊತ್ತದವರೆಗೆ ಉದ್ರಿ ಎಂದು ಅಂಗಡಿಯವನೇ ಗೆರೆ ಹಾಕಿಕೊಳ್ಳಬಹುದು. ಗೆರೆ ದಾಟಿದರೆ ದೀಪ ಅವನ ಮೊಬೈಲಿನಲ್ಲಿ ಮಾತ್ರ. ಮೆಸೇಜು ಗಿರಾಕಿಗೆ ತಾನಾಗಿ ಹೋಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಇಂದು ಇಂಥವರನ್ನು ಕೇಳಬೇಕು ಎಂದು ಅಂಗಡಿಯವನಿಗೇ ಪಟ್ಟಿ ತೋರಿಸುತ್ತದೆ. ನಾಚಿಕೆ ಸ್ವಭಾವದವರಿಗೆ ಬೇಕಿದ್ದರೆ ಒಂದು ಗುಂಡಿ ಒತ್ತಿ ಕಳಿಸಬಹುದು. ಹುಡುಗಿಯ ಅಪ್ಪನಂಥವರಿಗಾಗಿ ಅದು ಉಳಿಯಿತು. ಪಕ್ಕದಲ್ಲಿ ಇನ್ನೊಂದು ಗುಂಡಿ. ಅದಕ್ಕೆ ಮಗ್ಗಿಯೇ ಹೆಸರಿಟ್ಟ: 'ತಡಿ'. ಅದನ್ನು ಒತ್ತಿದರೆ ಆ ಮನೆಯ ಹೆಸರು ಒಂದು ತಿಂಗಳು ಪಟ್ಟಿಯಲ್ಲಿ ಬರುವುದಿಲ್ಲ. ಕಾರಣ ಬರೆಯಬೇಕಾಗಿಲ್ಲ.

ಮಗ್ಗಿ ಇನ್ನೊಂದು ಪ್ರಶ್ನೆ ಕೇಳಿದ: "ಈ ಲೆಕ್ಕ ನನ್ನ ಮೊಬೈಲಿನಿಂದ ಎಲ್ಲಿಗೆ ಹೋಗುತ್ತೆ?" ಪೇಟೆಯ ಮಂದಿ ಇದನ್ನು ಕೇಳದೆ ಇರುತ್ತಾರೆಯೇ! 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಬೆಂಗಳೂರಿನಲ್ಲಿ ಹಲವರು ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬೋರ್ಡು ಹಾಕಿದ್ದು ಎಲ್ಲರಿಗೂ ನೆನಪಿದೆ. ಹುಡುಗರು ಲೆಕ್ಕವನ್ನು ಅಂಗಡಿಯವನ ಮೊಬೈಲಿನಲ್ಲೇ ಬೀಗ ಹಾಕಿ ಇಡುವಂತೆ ಮಾಡಿದರು.

ಪಂದ್ಯದ ಫಲಿತಾಂಶ ಕೇಳುವವರಿಗೆ: ಮೊದಲ ಬಹುಮಾನ ಬಸ್ಸಿನ ತಂಡಕ್ಕೆ, ಎರಡನೆಯದು ಉದ್ರಿ ತಂಡಕ್ಕೆ. ಬಹುಮಾನ ಹಂಚುವಾಗ ಮಗ್ಗಿ ಇರಲಿಲ್ಲ. ಭಾನುವಾರದ ವ್ಯಾಪಾರ ಬಿಡುವುದುಂಟೇ? ಆರೂವರೆಗೇ ಹೊರಟಿದ್ದ. ಹೋಗುವ ಮುಂಚೆ ಅಂಗಡಿಯ ಹೊಸ ಜಾಗ ಹೇಳಿ, "ಬಾ. ನಿನಗೆ ಮಾತ್ರ ಉದ್ರಿ ಇಲ್ಲ" ಎಂದು ನಕ್ಕ.

ಅಂಗಡಿಯವರ ಗಮನಕ್ಕೆ

ಆ ರಾತ್ರಿಯ ಮಾತಿನಿಂದ ನಾಲ್ಕು ವಿಚಾರ ಓದುಗ ವ್ಯಾಪಾರಸ್ಥರಿಗೆ ತಿಳಿಸುವುದು ಒಳ್ಳೆಯದು.

ಒಂದು: ಉದ್ರಿ ಪುಸ್ತಕ, ಅದು ಕಾಗದದ್ದಿರಲಿ ಮೊಬೈಲಿನದ್ದಿರಲಿ, ಕ್ರಮವಾಗಿ ಬರೆದಿಟ್ಟರೆ ಕೋರ್ಟಿನಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ಅದೊಂದನ್ನೇ ಹಿಡಿದು ಯಾರ ಮೇಲೂ ಬಾಕಿ ಹೊರಿಸಲಾಗದು. ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. ಬಿಲ್ಲಿನ ಪ್ರತಿ, ಗಿರಾಕಿಯ ಸಹಿ, ಏನಾದರೊಂದು ಜೊತೆಗೆ ಬೇಕು.

ಎರಡು: ಗಡುವು ಹೇಳದೆ ಕೊಟ್ಟ ಸಾಮಾನಿನ ಬಾಕಿಗೆ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. 1963ರ ಕಾಲಮಿತಿ ಕಾಯ್ದೆ ಹೇಳುವುದು ಇದನ್ನೇ. ಆ ಅವಧಿ ಮುಗಿಯುವ ಮುನ್ನ ಗಿರಾಕಿ 'ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರೆ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ.

ಮೂರು: ಗಿರಾಕಿಯ ಬಾಕಿಯನ್ನು ಊರಿಗೆಲ್ಲ ಸಾರುವುದು ಮರ್ಯಾದೆಯ ಪ್ರಶ್ನೆ ಅಷ್ಟೇ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆಗೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. ಕಂಪ್ಯೂಟರಿನಲ್ಲಿರುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯ್ದೆಯೂ ಆಗಿದೆ.

ನಾಲ್ಕು: ಯಾವ ಆ್ಯಪು ಹಾಕಿಕೊಂಡರೂ ಮೊದಲ ದಿನ ಪಕ್ಕದಲ್ಲಿ ಪೆನ್ನು ಕಾಗದ ಇಟ್ಟುಕೊಂಡು ಕೂಡಿ ನೋಡಿ. ಅರ್ಧ ರೂಪಾಯಿ ಎಲ್ಲಿ ಹೋಗುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ.

ಇನ್ನು ಕಾಲೇಜಿನವರಿಗೆ ಒಂದು ಮಾತು. ಅಂಗಡಿಯವರನ್ನು ಕಾಲೇಜಿಗೆ ಕರೆಸಿದ್ದು ಒಳ್ಳೆಯದೇ ಆಯಿತು. ಮುಂದಿನ ಸಲ ಹುಡುಗರನ್ನೇ ಎರಡು ದಿನ ಮುಂಚೆ ಮಂಡಿಪೇಟೆಗೆ, ಚೌಕಿಪೇಟೆಗೆ, ಖಾಸಗಿ ಬಸ್ ನಿಲ್ದಾಣಕ್ಕೆ ಕಳಿಸಿ. ಗಲ್ಲಾದ ಪಕ್ಕ ಅರ್ಧ ದಿನ ಕೂರಲಿ, ಕಂಡಕ್ಟರ್ ಜೊತೆ ಒಂದು ಟ್ರಿಪ್ ಹೋಗಿ ಬರಲಿ. ಲ್ಯಾಪ್‌ಟಾಪು ಆಮೇಲೆ ತೆರೆಯಲಿ. ಊರಿನ ಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸದ ಮೇಷ್ಟರುಗಳು ಬಹಳ ಮಂದಿ ಇದ್ದಾರೆ. ಫೀಜು ಕೇಳುವವರಲ್ಲ, ಒಂದು ಲೋಟ ಚಹಾ ಕೊಟ್ಟರೆ ಸಾಕು.